ಅಕ್ಕೋರು ಮತ್ತೆ ಕಲಿಯಲು ಹೋದರು: ಒಂದು ಸಣ್ಣ ಟ್ರಸ್ಟಿನ ಐದು ವರ್ಷ

2021ರ ಡಿಸೆಂಬರ್. ಟ್ರಸ್ಟಿಗಳ ಸಭೆಯಲ್ಲಿ ನಾನು ಬ್ಯಾಂಕ್ ಲೆಕ್ಕ ಓದುತ್ತಿದ್ದೆ. ನಾನು ಖಜಾಂಚಿ. ಪ್ರತಿ ತಿಂಗಳ ಮೊದಲ ವಾರ ಆನ್‌ಲೈನ್ ಮೂಲಕ ಬರುತ್ತಿದ್ದ ಜಮಾ ಅಕ್ಟೋಬರ್‌ನಿಂದ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಮೂರು ತಿಂಗಳು ಯಾರ ಗಮನಕ್ಕೂ ಬಂದಿರಲಿಲ್ಲ.

"ಕೊರೊನಾ ರೀ. ಮಂದಿ ಕಡೆ ರೊಕ್ಕ ಎಲ್ಲೈತಿ?" ಎಂದರು ಹಿರಿಯ ಟ್ರಸ್ಟಿ. ಎಲ್ಲರೂ ಹೌದೆಂದು ತಲೆಯಾಡಿಸಿದೆವು. ಚಹಾ ಬಂತು. ಮುಂದಿನ ವಿಷಯಕ್ಕೆ ಹೋದೆವು.

ಕಾರಣ ಕೊರೊನಾ ಆಗಿರಲಿಲ್ಲ. ಅದು ನಮಗೆ ತಿಳಿದದ್ದು ಇನ್ನೂ ಎರಡು ತಿಂಗಳ ಮೇಲೆ. ದೇಣಿಗೆ ಕೇಳುವ ಕೆಲಸಕ್ಕೂ ಓದು ಬೇಕು, ಅದೂ ಒಂದು ಸಲ ಓದಿ ಮುಗಿಸುವಂಥದ್ದಲ್ಲ ಎಂಬುದನ್ನು ನಾವು ಕಲಿತದ್ದು ಹೀಗೆ, ಪೆಟ್ಟು ತಿಂದೇ. ಬೇರೆ ಸಣ್ಣ ಸಂಸ್ಥೆಗಳವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಟ್ರಸ್ಟ್. ಸುತ್ತಲಿನ ಹಳ್ಳಿಗಳ ಹುಡುಗಿಯರು ಹೈಸ್ಕೂಲು, ಪಿಯುಸಿ ಓದಲು ಇಳಿದುಕೊಳ್ಳುವ ಹಾಸ್ಟೆಲ್ ನಡೆಸುತ್ತೇವೆ. ರೊಕ್ಕ ಬರುವ ದಾರಿಗಳು ಬೇರೆ ಬೇರೆ. ಮೆಣಸಿನಕಾಯಿ ಸೀಸನ್‌ನಲ್ಲಿ ಬ್ಯಾಡಗಿ ಪೇಟೆಯ ಅಡತಿ ಅಂಗಡಿಗಳು ಕೊಡುತ್ತವೆ. ಊರಿನ ನಿವೃತ್ತ ಮಾಸ್ತರರು, ಬ್ಯಾಂಕಿನವರು ವರ್ಷಕ್ಕೊಮ್ಮೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮೂರ ಮಕ್ಕಳು ತಿಂಗಳು ತಿಂಗಳು ಐನೂರು, ಸಾವಿರ ಹಾಕುತ್ತಾರೆ. ಮೊದಲು ಒಂದು ದೊಡ್ಡ ಸಂಸ್ಥೆ ತನಗೆ ಹೊರದೇಶದಿಂದ ಬಂದ ಹಣದಲ್ಲಿ ನಮಗೂ ಒಂದು ಪಾಲು ಕೊಡುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ ಎಂದಾಯಿತು. ಆ ಪಾಲು ಅಲ್ಲಿಗೆ ನಿಂತಿತು. ಕಾಯ್ದೆ ಬದಲಾದದ್ದು ನಮಗೆ ಗೊತ್ತಾದದ್ದು ಆ ಸಂಸ್ಥೆಯ ಪತ್ರದಿಂದ.

ದೇಣಿಗೆಯ ಕೆಲಸ ನೋಡುವವರು ಒಬ್ಬ ಹೆಣ್ಣುಮಗಳು. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದರು, ಹಾಗಾಗಿ ಊರೆಲ್ಲ ಅವರಿಗೆ ಅಕ್ಕೋರು ಎನ್ನುತ್ತದೆ. ನಾವೂ ಅಷ್ಟೇ. ಪಾವತಿ (ರಸೀದಿ) ಪುಸ್ತಕ ಹಿಡಿದು ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತುವವರು ಅವರೇ. ಯಾವ ಅಂಗಡಿಯ ಸಾಹುಕಾರರು ಎಷ್ಟು ಹೊತ್ತಿಗೆ ಸಮಾಧಾನದಲ್ಲಿ ಇರುತ್ತಾರೆ, ಯಾರ ಮನೆಯಲ್ಲಿ ಮಗಳ ಮದುವೆ ನಡೆದಿದೆ, ಎಲ್ಲಾ ಅವರಿಗೆ ಗೊತ್ತು. 2021ರ ಜೂನ್‌ನಲ್ಲಿ ಅವರು ದೇಣಿಗೆ ಕೇಳುವ ಕೆಲಸದ ಒಂದು ಆನ್‌ಲೈನ್ ತರಬೇತಿಗೆ ಹೋಗಲು ಅನುಮತಿ ಕೇಳಿದ್ದರು. ಶನಿವಾರ, ಭಾನುವಾರದ ಪಾಠ. ಶುಲ್ಕ ಹನ್ನೆರಡು ಸಾವಿರದ ಒಳಗೇ ಇತ್ತು.

ನಾವು ಬೇಡ ಎಂದೆವು. ನಾನೂ ಬೇಡ ಎಂದವರಲ್ಲಿ ಒಬ್ಬ. ಆಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: ನಮ್ಮ ಕಡೆ ಮಠಗಳು ಜೋಳಿಗೆ ಹಿಡಿದು ಎಷ್ಟೋ ಶಾಲೆ, ಪ್ರಸಾದ ನಿಲಯ ಕಟ್ಟಿವೆ. ಮನೆಮನೆಯಿಂದ ಮುಷ್ಟಿ ಅಕ್ಕಿ, ಜೋಳ ಎತ್ತಿ ಮಕ್ಕಳಿಗೆ ಊಟ ಹಾಕಿವೆ. ಅವರೇನು ಕೋರ್ಸ್ ಮಾಡಿದ್ದರಾ? ಮಕ್ಕಳ ಅಕ್ಕಿಯ ರೊಕ್ಕದಲ್ಲಿ ನಮ್ಮ ಸಿಬ್ಬಂದಿಗೆ ಪಾಠ ಯಾಕೆ?

ಈ ಮಾತು ಕೇಳಲು ಚಂದ. ಆದರೆ ಜೋಳಿಗೆಗೆ ಅಕ್ಕಿ ಹಾಕಿದ ತಾಯಿ ಪ್ಯಾನ್ ನಂಬರ್ ಕೊಡಬೇಕಿರಲಿಲ್ಲ, ಅಲ್ವಾ?

ಅಕ್ಟೋಬರ್‌ನಲ್ಲಿ ನಿಂತ ಜಮಾದ ಕಥೆಗೆ ಬರುತ್ತೇನೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾಗಿತ್ತು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗಬೇಕಾದರೆ ಕಾರ್ಡಿನವರು ಒಮ್ಮೆ ಒಟಿಪಿ ಕೊಟ್ಟು ಹೊಸದಾಗಿ ನೋಂದಣಿ ಮಾಡಿಸಬೇಕು. ಕಡಿತಕ್ಕೆ 24 ಗಂಟೆ ಮೊದಲು ಅವರಿಗೆ ಸಂದೇಶ ಹೋಗಬೇಕು. ಮೊತ್ತ 5,000 ಮೀರಿದರೆ ಪ್ರತಿ ಸಲವೂ ಒಟಿಪಿ. ಆ ಮಿತಿಯನ್ನು 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಿದರು. ಹಳೆಯ ಒಪ್ಪಿಗೆಗಳು ಸುಮ್ನೆ ನಿಂತುಹೋದವು. ನಮ್ಮ ಬೆಂಗಳೂರಿನ ಹುಡುಗರು ಕೊಡುವುದನ್ನು ಬಿಟ್ಟಿರಲಿಲ್ಲ. ಹಣ ಹೋಗುತ್ತಿದೆ ಎಂದೇ ಅಂದುಕೊಂಡಿದ್ದರು. ನಾವೋ, ಕೊರೊನಾದಿಂದ ಅವರ ಕೈಯಲ್ಲಿ ರೊಕ್ಕ ಇಲ್ಲ ಎಂದುಕೊಂಡಿದ್ದೆವು.

ಮೊದಲೇ ಗೊತ್ತಿದ್ದರೆ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಒಂದೊಂದು ವಾಟ್ಸಾಪ್ ಸಂದೇಶ ಕಳಿಸಿ ಯುಪಿಐ ಆಟೋಪೇಗೋ, ಬ್ಯಾಂಕ್ ಖಾತೆಯಿಂದಲೇ ಕಡಿತವಾಗುವ ವ್ಯವಸ್ಥೆಗೋ ಬದಲಾಯಿಸಬಹುದಿತ್ತು. ಫೆಬ್ರವರಿಯಲ್ಲಿ ಅಕ್ಕೋರು ಒಬ್ಬೊಬ್ಬರಿಗೇ ಫೋನ್ ಮಾಡಿದರು. ಹೆಚ್ಚಿನವರು ಮರಳಿ ಬಂದರು. ಕೆಲವರು "ನೋಡ್ತೀನಿ ಅಕ್ಕೋರೆ" ಎಂದರು, ನೋಡಲಿಲ್ಲ. ಒಮ್ಮೆ ತಪ್ಪಿದ ರೂಢಿ ಮತ್ತೆ ಕೂಡಿಬರುವುದು ಕಷ್ಟ.

ಎರಡನೆಯ ಪೆಟ್ಟು ಇದಕ್ಕಿಂತ ಜೋರಾಗಿ ಬಿತ್ತು. 2022ರ ಜುಲೈ. ಪ್ರತಿವರ್ಷ ಹತ್ತು ಸಾವಿರ ಕೊಡುವ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ಫೋನ್ ಮಾಡಿದರು. "ರಿಟರ್ನ್ ಹಾಕ್ಬೇಕ್ರಿ. ನಿಮ್ಮ 10ಬಿಇ ಸರ್ಟಿಫಿಕೇಟ್ ಕಳಸ್ರಿ. ಅದರ ಮ್ಯಾಲಿನ ನಂಬರ್ ಕೇಳ್ತದ." ಅಕ್ಕೋರು, "ಪಾವತಿ ಕೊಟ್ಟೇವಲ್ರೀ ಸರ್" ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಕೇಳಿದ್ದು, "ನಿಮಗ 10ಬಿಡಿ ಅಂದ್ರೇನು ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. 2021-22ರಿಂದ ದೇಣಿಗೆ ಪಡೆದ ಸಂಸ್ಥೆಯೇ ಯಾರು ಯಾವಾಗ ಎಷ್ಟು ಕೊಟ್ಟರು ಎಂಬ ಪಟ್ಟಿಯನ್ನು ಫಾರ್ಮ್ 10ಬಿಡಿಯಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಿತ್ತು. ವರ್ಷ ಮುಗಿದ ಮೇಲೆ ಮೇ 31 ಕೊನೆಯ ದಿನ. ಅದಾದ ಮೇಲೆ ಇಲಾಖೆಯ ಜಾಲತಾಣದಿಂದಲೇ 10ಬಿಇ ಪ್ರಮಾಣಪತ್ರ ತೆಗೆದು ದಾನಿಗಳಿಗೆ ಕೊಡಬೇಕಿತ್ತು. ನಮ್ಮ ಕೈಬರಹದ ಪಾವತಿಯ ಮೇಲೆ ಯಾರಿಗೂ 80ಜಿ, ಅಂದರೆ ದೇಣಿಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಸಿಗುತ್ತಿರಲಿಲ್ಲ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದರ ಮೇಲೆ 10,000ದಿಂದ 1 ಲಕ್ಷದವರೆಗೆ ದಂಡ ಹಾಕಲೂ ಅವಕಾಶವಿತ್ತು. ನಾನು ಕೂತು ಲೆಕ್ಕ ಹಾಕಿದೆ. ಎರಡು ತಿಂಗಳಿಗೇ 12,000 ದಾಟುತ್ತಿತ್ತು. ಹಿಂದಿನ ವರ್ಷ ಬೇಡವೆಂದ ತರಬೇತಿಯ ಶುಲ್ಕಕ್ಕಿಂತ ಜಾಸ್ತಿ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಲೆಕ್ಕಪರಿಶೋಧಕರು ಯಾಕೆ ಹೇಳಲಿಲ್ಲ ಎಂದು ಕೆಲವು ಟ್ರಸ್ಟಿಗಳು ಸಿಟ್ಟಾದರು. ಅವರ ಹತ್ತಿರ ನಾವು ಹೋಗುವುದೇ ವರ್ಷಕ್ಕೊಮ್ಮೆ, ಸೆಪ್ಟೆಂಬರ್‌ನಲ್ಲಿ, ಚೀಲದ ತುಂಬ ಕಾಗದ ಹಿಡಿದು. ದಾನಿಯ ಎದುರು ದಿನವೂ ನಿಲ್ಲುವವರು ಅಕ್ಕೋರು. ದಾನಿ ಪ್ರಶ್ನೆ ಕೇಳುವುದೂ ಅವರನ್ನೇ. ಅವರಿಗೆ ಉತ್ತರ ಗೊತ್ತಿಲ್ಲವೆಂದರೆ ಇಡೀ ಟ್ರಸ್ಟಿಗೇ ಗೊತ್ತಿಲ್ಲವೆಂದು ದಾನಿ ತಿಳಿಯುತ್ತಾರೆ. ಆ ತಿಳಿವಳಿಕೆ ತಪ್ಪೂ ಅಲ್ಲ.

ಪಟ್ಟಿ ತಯಾರಿಸಲು ಕೂತಾಗ ನಿಜವಾದ ಕಷ್ಟ ಶುರುವಾಯಿತು. ನಮ್ಮ ಪಾವತಿ ಪುಸ್ತಕದಲ್ಲಿ ಹೆಸರು, ಊರು, ಮೊತ್ತ ಇಷ್ಟೇ. ಪ್ಯಾನ್ ಇಲ್ಲ, ಪೂರ್ತಿ ವಿಳಾಸವಿಲ್ಲ. ಕೆಲವು ಕಡೆ "ಹೆಸರು ಬ್ಯಾಡ, ಹಂಗ ಬರ್ಕೊಳ್ರಿ" ಎಂದ ಗುಪ್ತದಾನ. ಅಕ್ಕೋರು ಫೋನ್ ಹಿಡಿದರು. "ನಿಮ್ಮ ಪ್ಯಾನ್ ನಂಬರ್ ಹೇಳ್ತೀರೇನ್ರಿ?" ಎಂದ ಕೂಡಲೇ ಫೋನ್ ಕಟ್. ಆನ್‌ಲೈನ್ ಮೋಸದ ಸುದ್ದಿ ಪೇಪರಿನಲ್ಲಿ ದಿನವೂ ಬರುವಾಗ ಜನ ಹೆದರದೆ ಇರುತ್ತಾರಾ? ಹತ್ತು ವರ್ಷದಿಂದ ಕೊಡುತ್ತಿದ್ದ ಒಬ್ಬರು, "ಕೊಟ್ಟದ್ದಕ್ಕ ವಿಚಾರಣೆ ಏನ್ರಿ ಇದು?" ಎಂದು ಬೇಸರ ಮಾಡಿಕೊಂಡರು.

ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸಿಎಗಳು ಸಣ್ಣ ಸಂಸ್ಥೆಗಳಿಗಾಗಿ ಅರ್ಧ ದಿನದ ತರಗತಿ ಇಟ್ಟಿದ್ದರು. ಶುಲ್ಕವಿಲ್ಲ, ಬಸ್ ಚಾರ್ಜಷ್ಟೇ. ಅಕ್ಕೋರು ಹೋಗಿಬಂದರು. ಪ್ಯಾನ್ ಇಲ್ಲದಿದ್ದರೆ ಆಧಾರ್, ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್, ರೇಷನ್ ಕಾರ್ಡ್ ಸಂಖ್ಯೆಯೂ ನಡೆಯುತ್ತದೆ ಎಂಬುದು ಅಲ್ಲಿ ತಿಳಿಯಿತು. ನಾವು ಮೂರು ವಾರ ಬರೀ ಪ್ಯಾನ್ ಬೆನ್ನು ಹತ್ತಿದ್ದೆವು! 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 80ಜಿ ಸಿಗುವುದಿಲ್ಲ ಎಂಬ ನಿಯಮ 2017-18ರಿಂದಲೇ ಇದೆ ಎಂಬುದೂ ಅಲ್ಲೇ ತಿಳಿಯಿತು. ಪೇಟೆಯ ಸಾಹುಕಾರರು ಐದು ಸಾವಿರ ನಗದು ಎಣಿಸಿ ಕೊಡುವಾಗ ನಾವು "80ಜಿ ಐತ್ರಿ" ಎನ್ನುತ್ತಿದ್ದೆವು. ಐದು ವರ್ಷ ಹಾಗೆ ಹೇಳಿದ್ದೆವು. ಹೆಸರಿಲ್ಲದ ದೇಣಿಗೆ 1 ಲಕ್ಷ ಅಥವಾ ಒಟ್ಟು ದೇಣಿಗೆಯ ಶೇ. 5, ಇವೆರಡರಲ್ಲಿ ಯಾವುದು ದೊಡ್ಡದೋ ಅದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ. 30 ತೆರಿಗೆ ಎಂಬುದೂ ನಮಗೆ ಹೊಸದು.

ಅಲ್ಲಿಂದ ಬಂದ ಮೇಲೆ ಅಕ್ಕೋರು ಫೋನ್ ಮಾಡುವುದನ್ನೇ ನಿಲ್ಲಿಸಿದರು. ದಾನಿ ಕೊಟ್ಟ ತಾರೀಖು, ಪಾವತಿ ನಂಬರ್, ಮೊತ್ತ ಬರೆದು ಅಂಚೆಯಲ್ಲಿ ಪತ್ರ ಕಳಿಸಿದರು. "ಅನುಮಾನವಿದ್ದರೆ ಪಾವತಿ ಪುಸ್ತಕದ ಮೇಲಿರುವ ಆಫೀಸಿನ ನಂಬರಿಗೆ ನೀವೇ ಫೋನ್ ಮಾಡಿ" ಎಂದು ಕೆಳಗೆ ಬರೆದರು. ಜನ ತಾವಾಗಿಯೇ ಫೋನ್ ಮಾಡಿದರು. ಆಗಸ್ಟ್‌ನಲ್ಲಿ ಪಟ್ಟಿ ಸಲ್ಲಿಸಿದೆವು. ಆ ನಿವೃತ್ತ ಅಧಿಕಾರಿಗೆ ಮಾತ್ರ ಪ್ರಮಾಣಪತ್ರ ತಲುಪುವ ಹೊತ್ತಿಗೆ ರಿಟರ್ನ್ ಸಲ್ಲಿಸುವ ಗಡುವು ಮುಗಿದಿತ್ತು. ಅವರು ಜಗಳ ಆಡಲಿಲ್ಲ. ಮುಂದಿನ ವರ್ಷ ದೇಣಿಗೆ ಕೊಡಲಿಲ್ಲ, ಅಷ್ಟೇ.

ಆ ಆಗಸ್ಟ್‌ನ ಸಭೆಯಲ್ಲಿ ಹಿಂದೆ ಬೇಡವೆಂದಿದ್ದ ತರಬೇತಿಯ ವಿಷಯವನ್ನು ನಾನೇ ಮತ್ತೆ ಎತ್ತಿದೆ. ಒಬ್ಬ ರೈತ ಟ್ರಸ್ಟಿ ಆಡಿದ ಮಾತು ಎಲ್ಲರಿಗೂ ನಾಟಿತು. "ನಾ ಪ್ರತಿವರ್ಷ ಧಾರವಾಡದ ಕೃಷಿ ಮೇಳಕ್ಕ ಹೋಗ್ತೀನಿ. ನಿನಗ ಒಕ್ಕಲತನ ಬರಂಗಿಲ್ಲೇನು ಅಂತ ಯಾರೂ ಕೇಳಿಲ್ಲ. ಬೀಜ ಬದಲಾಗ್ತೈತಿ, ರೋಗ ಬದಲಾಗ್ತೈತಿ, ಹೋಗಬೇಕು." ಅಂದು ನಿರ್ಧಾರವಾಯಿತು. ವರ್ಷದ ಬಜೆಟ್‌ನಲ್ಲಿ ಕಲಿಕೆಗೆ ಒಂದು ಸಾಲು. ಅದರ ಜೊತೆಗೆ ತಿಂಗಳಿಗೆ ಎರಡು ದಿನ, ಪೂರ್ತಿ ಸಂಬಳದ ಸಮಯ. ಎರಡನೆಯದೇ ದೊಡ್ಡದು ಎಂದು ಈಗ ನನಗೆ ಅನ್ನಿಸುತ್ತದೆ. ಶುಲ್ಕ ಕಟ್ಟಿ, ಪಾಠದ ಹೊತ್ತಿಗೇ "ಅಕ್ಕೋರೆ, ಗ್ಯಾಸ್ ಸಿಲಿಂಡರ್ ಬಂದಿಲ್ಲ ನೋಡ್ರಿ" ಎಂದು ಕರೆದರೆ ಕಲಿಯುವುದು ಹೇಗೆ?

ಮೊದಲ ತರಬೇತಿ ಕೈಹಿಡಿಯಲಿಲ್ಲ. ಬೆಂಗಳೂರಿನ ಹೋಟೆಲ್ ಒಂದರಲ್ಲಿ ಎರಡು ದಿನ. ಉದಾಹರಣೆಗಳೆಲ್ಲ ಹೊರದೇಶದವು. ಅಳುವ ಮಗುವಿನ ಫೋಟೊ ಹಾಕಿದರೆ ಕೊಡುವವರು ಜಾಸ್ತಿ ಎಂದು ಅಲ್ಲಿ ಹೇಳಿಕೊಟ್ಟರಂತೆ. ಅಕ್ಕೋರು ಬಂದವರೇ, "ನಾ ಇದನ್ನ ಮಾಡಂಗಿಲ್ಲ" ಎಂದರು. ನಮ್ಮ ಹುಡುಗಿಯರು ಇದೇ ಪೇಟೆಯಲ್ಲಿ ನಡೆದಾಡುವವರು. ಅವರ ಬಡತನದ ಫೋಟೊ ಅಡತಿ ಅಂಗಡಿಯ ವಾಟ್ಸಾಪ್‌ನಲ್ಲಿ ಹರಿದಾಡಿದರೆ ಅವರು ತಲೆ ಎತ್ತಿ ಓಡಾಡುವುದು ಹೇಗೆ? ಅಕ್ಕೋರು ಹೇಳಿದ್ದು ಸರಿ. ಕಲಿಯುವುದು ಎಂದರೆ ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುವುದಲ್ಲ. ಆದರೆ ಬೇಡವೆನ್ನಲೂ ಕಾರಣ ಗೊತ್ತಿರಬೇಕು. ಅಕ್ಕೋರಿಗೆ ಗೊತ್ತಿತ್ತು.

ಆಮೇಲೆ ಅವರೇ ಹುಡುಕಿ ಆರಿಸಿದರು. ಹುಬ್ಬಳ್ಳಿಯ ಸಿಎಗಳ ತರಗತಿ ವರ್ಷಕ್ಕೆರಡು ಸಲ. ಒಂದು ವಾರಾಂತ್ಯದ ಆನ್‌ಲೈನ್ ಕೋರ್ಸ್. ಮತ್ತೆ ಸುತ್ತಲಿನ ಐದು ಸಣ್ಣ ಸಂಸ್ಥೆಗಳ ದೇಣಿಗೆ ನೋಡುವವರು ಎರಡು ತಿಂಗಳಿಗೊಮ್ಮೆ ಸೇರಿ ಮಾತಾಡುವುದು. ಈ ಕೊನೆಯದಕ್ಕೆ ಚಹಾ, ಮಂಡಕ್ಕಿ, ಮಿರ್ಚಿಯಷ್ಟೇ ಖರ್ಚು. ಅತಿ ಹೆಚ್ಚು ಉಪಯೋಗವಾದದ್ದೂ ಅದೇ.

ಒಂದು ಸಣ್ಣ ಪ್ರಸಂಗ. ಒಬ್ಬ ಟ್ರಸ್ಟಿ, "ಅಕ್ಕೋರಿಗೆ ತಂದ ದೇಣಿಗೆ ಮ್ಯಾಲೆ ಶೇ. 10 ಕಮಿಷನ್ ಕೊಡೋಣ, ಹುರುಪು ಬರ್ತೈತಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಕ್ಕೋರು ಒಪ್ಪಲಿಲ್ಲ. ಅಮೆರಿಕದಲ್ಲಿ ಈ ವೃತ್ತಿಯವರ ಸಂಘವೊಂದು 1960ರಲ್ಲೇ ಶುರುವಾಗಿದೆ. ದೇಣಿಗೆಯ ಮೇಲೆ ಶೇಕಡಾವಾರು ಸಂಬಳ ಕೂಡದು ಎಂಬುದು ಅದರ ನೀತಿ ಸಂಹಿತೆಯಲ್ಲೇ ಇದೆ ಎಂದು ಕೋರ್ಸಿನಲ್ಲಿ ಓದಿದ್ದನ್ನು ಹೇಳಿದರು. ಆಮೇಲೆ ತಮ್ಮದೇ ಮಾತಿನಲ್ಲಿ ಹೇಳಿದರು: "ನನಗ ಪಾಲು ಐತಿ ಅಂತ ಗೊತ್ತಾದ ದಿನ ಸಾಹುಕಾರ್ರು ನನ್ನ ಮುಖ ಹೆಂಗ ನೋಡ್ತಾರ, ಹೇಳ್ರಿ." ವಿಷಯ ಅಲ್ಲಿಗೆ ಮುಗಿಯಿತು.

ಕಲಿಕೆಯ ಬೆಲೆ ನನಗೆ ಕಣ್ಣಿಗೆ ಕಂಡದ್ದು 2023ರಲ್ಲಿ. ಬೆಂಗಳೂರಿನ ಕಂಪನಿಯೊಂದು ತನ್ನ ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ನಮಗೆ ನೆರವು ಕೊಡಲು ಮುಂದೆ ಬಂತು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಪಡೆಯುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅಕ್ಕೋರು ಅದನ್ನು ಮೊದಲೇ ಮಾಡಿಸಿಟ್ಟಿದ್ದರು. ಮಾತುಕತೆಗೆ ನಾನೂ ಹೋಗಿದ್ದೆ. ನಮ್ಮ ಬಜೆಟ್‌ನಲ್ಲಿದ್ದ ವಾರ್ಡನ್ ಮತ್ತು ಸಂಜೆ ಪಾಠದ ಶಿಕ್ಷಕಿಯ ಸಂಬಳ ತೋರಿಸಿ ಕಂಪನಿಯ ಅಧಿಕಾರಿ, "ಆಡಳಿತ ವೆಚ್ಚ ಶೇ. 5 ಮೀರುವಂತಿಲ್ಲ, ಇದು ಬರಲ್ಲ" ಎಂದರು. ನಾನಾಗಿದ್ದರೆ "ಆಯ್ತು ಸರ್" ಎಂದು ಎದ್ದು ಬರುತ್ತಿದ್ದೆ. ಅಕ್ಕೋರು ಮೆಲ್ಲಗೆ ಹೇಳಿದರು: "ಸರ್, ಆ ಶೇ. 5 ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋ ಖರ್ಚಿಗೆ. ಯೋಜನೆಯನ್ನು ನೇರವಾಗಿ ನಡೆಸೋ ಖರ್ಚು ಅದರಲ್ಲಿ ಬರಲ್ಲ. 2021ರ ನಿಯಮದಲ್ಲೇ ಇದೆ. ಸಚಿವಾಲಯ ಆ ವರ್ಷ ಆಗಸ್ಟ್‌ನಲ್ಲಿ ಪ್ರಶ್ನೋತ್ತರದ ಸುತ್ತೋಲೆಯನ್ನೂ ಕೊಟ್ಟಿದೆ." ಆ ಅಧಿಕಾರಿ ಒಳ್ಳೆಯವರು. ಅಲ್ಲೇ ತೆರೆದು ಓದಿದರು, ಒಪ್ಪಿದರು. ಇಬ್ಬರು ಹೆಣ್ಣುಮಕ್ಕಳ ಸಂಬಳ ಉಳಿಯಿತು. ಹಾಸ್ಟೆಲ್ ನಡೆಯುವುದು ಕಟ್ಟಡದಿಂದಲ್ಲ, ಆ ಇಬ್ಬರಿಂದ.

ಅದೇ ವರ್ಷ ಇನ್ನೊಂದು ಬದಲಾವಣೆ ಬಂತು. 2023-24ರಿಂದ, ಹಳೆಯದೇ ಬೇಕೆಂದು ಕೇಳದಿದ್ದರೆ, ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುವ ಹಾಗಾಯಿತು. ಅದರಲ್ಲಿ 80ಜಿ ರಿಯಾಯಿತಿ ಇಲ್ಲ. ಹಳೆಯ ಪದ್ಧತಿಯಲ್ಲಿ ಶೇ. 30ರ ಹಂತದಲ್ಲಿದ್ದವರು ನಮಗೆ 10,000 ಕೊಟ್ಟರೆ ಅರ್ಧಕ್ಕೆ ರಿಯಾಯಿತಿ ಸಿಕ್ಕು ಸುಮಾರು 1,500 ಉಳಿಯುತ್ತಿತ್ತು. ಹೊಸದರಲ್ಲಿ ಏನೂ ಇಲ್ಲ. 2025ರ ಬಜೆಟ್‌ನಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲವೆಂದ ಮೇಲೆ ನಮ್ಮ ಮಾಸ್ತರರು, ಬ್ಯಾಂಕಿನವರು ಬಹುತೇಕ ಆ ಕಡೆ ಹೋದರು. ನಮ್ಮ ಕರಪತ್ರದ ಮೊದಲ ಸಾಲೇ "80ಜಿ ತೆರಿಗೆ ವಿನಾಯಿತಿ ಇದೆ" ಎಂದಿತ್ತು. ಈ ಸಲ ಪೆಟ್ಟು ಬೀಳುವ ಮುಂಚೆಯೇ ಅಕ್ಕೋರು ಅದನ್ನು ಕೊನೆಯ ಸಾಲಿಗೆ ಇಳಿಸಿದರು. ಮೇಲೆ ಹಾಸ್ಟೆಲ್ಲಿನ ವರ್ಷದ ಸುದ್ದಿ ಬಂತು: ಹತ್ತನೇ ತರಗತಿಗೆ ಎಷ್ಟು ಜನ ಕೂತರು, ಯಾರು ನರ್ಸಿಂಗ್ ಸೇರಿದರು, ಬಾವಿಯ ಮೋಟರ್ ಸುಟ್ಟಾಗ ಏನು ಮಾಡಿದೆವು. ಹೆಸರಿಲ್ಲ, ಮುಖವಿಲ್ಲ. ಓದಿದವರು ಫೋನ್ ಮಾಡಿ, "ಮೋಟರ್ ರಿಪೇರಿ ಆತೇನ್ರಿ?" ಎಂದು ಕೇಳಿದರು.

ವಿದೇಶದಲ್ಲಿರುವ ನಮ್ಮೂರವರ ವಿಷಯವನ್ನೂ ಹೇಳಬೇಕು. ಅಮೆರಿಕದಲ್ಲಿರುವ ಇಬ್ಬರು ಗೆಳೆಯರು ಒಟ್ಟಿಗೆ ಹಣ ಕಳಿಸುತ್ತೇವೆ ಎಂದರು. ಒಬ್ಬರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್. ಅವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಇನ್ನೊಬ್ಬರು ಅಲ್ಲಿಯ ಪ್ರಜೆಯಾಗಿದ್ದಾರೆ. ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ ಅವರ ಹಣ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ನಾವು ಅದನ್ನು ಮುಟ್ಟುವಂತಿಲ್ಲ. ಅಕ್ಕೋರು ವೀಡಿಯೊ ಕಾಲ್‌ನಲ್ಲಿ ಇದನ್ನು ಎಷ್ಟು ಗೌರವದಿಂದ ಹೇಳಿದರೆಂದರೆ, ಆ ಗೆಳೆಯರು ಊರಿಗೆ ಬಂದಾಗ ಹುಡುಗಿಯರಿಗೆ ಒಂದು ವಾರ ಇಂಗ್ಲಿಷ್ ಕಲಿಸಿ ಹೋದರು.

ಎಲ್ಲಾ ಚೆನ್ನಾಗಿಯೇ ನಡೆಯಿತು ಅಂತಲ್ಲ. ಅಕ್ಕೋರ ಕೈಕೆಳಗೆ ಕಲಿತ ಒಬ್ಬ ಹುಡುಗಿ, ನಮ್ಮ ಹಾಸ್ಟೆಲ್‌ನಲ್ಲೇ ಓದಿದವಳು, 2024ರಲ್ಲಿ ಬೆಂಗಳೂರಿನ ದೊಡ್ಡ ಸಂಸ್ಥೆಗೆ ಹೋದಳು. ಸಂಬಳ ನಮ್ಮದಕ್ಕಿಂತ ಎಷ್ಟೋ ಜಾಸ್ತಿ. "ಕಲಿಸಿದರೆ ಬಿಟ್ಟು ಹೋಗ್ತಾರೆ" ಎಂದು ಮೊದಲೇ ಹೇಳಿದ್ದ ಟ್ರಸ್ಟಿ ನನ್ನ ಮುಖ ನೋಡಿದರು. ನನಗೂ ನೋವಾಗಿತ್ತು. ಆದರೆ ಕಲಿಯದವರೇ ನಮ್ಮಲ್ಲಿ ಉಳಿಯಲಿ ಎಂದು ಬಯಸುವುದು ಸರಿಯಾ? ಹೋಗುವ ಮುಂಚೆ ಅವಳು ಒಂದು ನೂರು ಪುಟದ ನೋಟ್‌ಬುಕ್ ತುಂಬಿಸಿಟ್ಟು ಹೋದಳು. ಯಾವ ತಿಂಗಳು ಯಾವ ಫಾರ್ಮ್, ಕೊನೆಯ ದಿನ ಯಾವುದು, ಯಾವ ದಾನಿಗೆ ಪತ್ರ, ಯಾರಿಗೆ ಫೋನ್, ಯಾರ ಮನೆಗೆ ಹೋಗಿಯೇ ಮಾತಾಡಬೇಕು. ಹೊಸದಾಗಿ ಬಂದ ಹುಡುಗನ ಮೊದಲ ತಿಂಗಳ ಕೆಲಸ ಆ ನೋಟ್‌ಬುಕ್ ಓದುವುದೇ ಆಗಿತ್ತು. ಈಗ ಅವನೂ ಅದರಲ್ಲಿ ಬರೆಯುತ್ತಾನೆ.

ದೇಣಿಗೆ ಎಷ್ಟು ಹೆಚ್ಚಾಯಿತು ಎಂದು ಕೇಳುವವರಿದ್ದಾರೆ. ಹೆಚ್ಚಾಗಿದೆ. ಆದರೆ ಅದನ್ನೆಲ್ಲ ಕಲಿಕೆಯ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ. ಮೆಣಸಿನಕಾಯಿ ರೇಟು ಏರಿದ ವರ್ಷ ಪೇಟೆಯ ಕೈ ತಾನಾಗಿ ಬಿಚ್ಚುತ್ತದೆ, ಬಿದ್ದ ವರ್ಷ ಮುಚ್ಚುತ್ತದೆ. ನಾನು ನೋಡುವ ಲೆಕ್ಕ ಬೇರೆ. ಕೊಟ್ಟವರು ಮರುವರ್ಷವೂ ಕೊಟ್ಟರಾ? ದಾನಿ ಕೇಳಿದ ಪ್ರಶ್ನೆಗೆ ಅದೇ ದಿನ ಉತ್ತರ ಹೋಯಿತಾ? 2022ರ ನಂತರ 10ಬಿಡಿ ಒಮ್ಮೆಯೂ ತಡವಾಗಿಲ್ಲ. ಆ ನಿವೃತ್ತ ಬ್ಯಾಂಕ್ ಅಧಿಕಾರಿಯ ಮನೆಗೆ ಅಕ್ಕೋರು 2023ರ ಮೇ ಕೊನೆಯಲ್ಲಿ ಸುಮ್ನೆ ಹೋಗಿ, ನಮ್ಮಿಂದ ಆದ ತಪ್ಪು ಇದು, ಈಗ ಹೀಗೆ ಮಾಡಿಕೊಂಡಿದ್ದೇವೆ ಎಂದು ಹೇಳಿ ಬಂದರು. ದೇಣಿಗೆ ಕೇಳಲಿಲ್ಲ. ಮರುವರ್ಷ ಅವರೇ ಕಳಿಸಿದರು.

ನಮ್ಮ 80ಜಿ ನೋಂದಣಿಯ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಹೊಸ ನೋಂದಣಿ ನಿಯಮದಲ್ಲಿ ಅದು ಐದೇ ವರ್ಷ. ನವೀಕರಣಕ್ಕೆ ಆರು ತಿಂಗಳು ಮೊದಲೇ, ಅಂದರೆ 2025ರ ಸೆಪ್ಟೆಂಬರ್ 30ರೊಳಗೆ, ಫಾರ್ಮ್ 10ಎಬಿ ಹಾಕಬೇಕಿತ್ತು. ಅಕ್ಕೋರು ಜುಲೈಯಲ್ಲೇ ಹಾಕಿಸಿದರು. ಆ ವರ್ಷದ ಕೊನೆಯಲ್ಲಿ ನಾನು ಹೊಸ ಪಾವತಿ ಪುಸ್ತಕ ಅಚ್ಚು ಹಾಕಿಸಲು ಪ್ರೆಸ್ಸಿಗೆ ಹೊರಟಿದ್ದೆ. ಅವರು ಬಾಗಿಲಲ್ಲೇ ತಡೆದರು. "ಸರ್, ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರ್ತೈತಿ. ಸೆಕ್ಷನ್ ನಂಬರೆಲ್ಲ ಬದಲಾಗ್ತಾವ. ಬರೀ ಐವತ್ತು ಹಾಳಿ ಹಾಕಸ್ರಿ ಸಾಕು. ಮುಂದಿನ ಶನಿವಾರ ಹುಬ್ಬಳ್ಳ್ಯಾಗ ಕ್ಲಾಸ್ ಐತಿ, ಕೇಳ್ಕೊಂಡು ಬರ್ತೀನಿ."

ನಾನು ಐವತ್ತೇ ಹಾಕಿಸಿದೆ.